ಎರಡು ಅಡಿ ಮುರುಮ್ ಹಾಕಿದರೆ ಸಾಕಾ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ಕಾಲೊನಿಗೆ ಹೊಂದಿಕೊಂಡು ನಾಲ್ಕು ಎಕರೆಯ ಹಳೆ ಕಾರ್ಖಾನೆ ಇದೆ. ಕಬ್ಬಿಣದ ಸಾಮಾನು ಮಾಡಿ ಅದಕ್ಕೆ ಕ್ರೋಮ್ ಪಾಲಿಶ್ ಹಾಕುತ್ತಿದ್ದರು. ಮುಚ್ಚಿ 20 ವರ್ಷದ ಮೇಲಾಯಿತು. ಈಗ ಮಾಲೀಕರು ಅಲ್ಲಿ ಲೇಔಟ್ ಮಾಡುತ್ತಿದ್ದಾರೆ. ಪಾರ್ಕ್, ಅಂಗನವಾಡಿಗೂ ಜಾಗ ಬಿಡುತ್ತಾರಂತೆ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಬುಡದಲ್ಲಿ ನಿಲ್ಲುವ ನೀರು ಹಳದಿಯಾಗುತ್ತದೆ. ಕೇಳಿದರೆ, ‘ಎರಡು ಅಡಿ ಮುರುಮ್ ಮಣ್ಣು ಹಾಕಿ ಮುಚ್ಚುತ್ತೇವೆ, ಲ್ಯಾಬ್ ರಿಪೋರ್ಟ್ ಕೂಡ ಸರಿ ಇದೆ’ ಎಂದು ಒಂದು ಹಾಳೆ ಕೊಟ್ಟರು. ಅದರ ಪ್ರತಿ ಕಳಿಸಿದ್ದೇನೆ. ನಮ್ಮ ಓಣಿಯಲ್ಲಿ ಮೂರು ಬೋರ್‌ವೆಲ್ ಇವೆ. ಇದನ್ನು ನಂಬಬಹುದಾ?

ಉತ್ತರ: ಮೊದಲು ಆ ಹಳದಿ ನೀರಿನ ಮಾತು. ಉಳಿದದ್ದಕ್ಕೆ ಸಮಯ ಇದೆ, ಇದಕ್ಕಿಲ್ಲ.

ಮುಂದಿನ ಮಳೆಗೆ ಅಲ್ಲಿ ನೀರು ನಿಂತಾಗ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದು ಪಾರದರ್ಶಕ ಬಾಟಲಿಯಲ್ಲಿ ಹಿಡಿದಿಡಿ. ಒಂದು ರಾತ್ರಿ ಅಲುಗಾಡಿಸಬೇಡಿ. ಬೆಳಿಗ್ಗೆ ಬಣ್ಣವೆಲ್ಲ ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿದ್ದರೆ ಅದು ತುಕ್ಕು ಅಥವಾ ಬರೀ ಮಣ್ಣು ಇರಬಹುದು. ನೀರು ತಿಳಿಯಾಗಿದ್ದೂ ಬಣ್ಣ ಮಾತ್ರ ಹಾಗೇ ಉಳಿದಿದ್ದರೆ, ಅಂದರೆ ಅರಿಶಿನ ಕದಡಿದ ಹಾಗಲ್ಲ, ನಿಂಬೆ ಶರಬತ್ತಿನ ಹಾಗೆ ಕಾಣುತ್ತಿದ್ದರೆ, ಅದು ಕ್ರೋಮಿಯಂ ಎಂದೇ ಇಟ್ಟುಕೊಂಡು ನಡೆಯಿರಿ. ಇದು ಲ್ಯಾಬ್ ಪರೀಕ್ಷೆಗೆ ಬದಲಿ ಅಲ್ಲ. ಆದರೆ ಮಕ್ಕಳನ್ನು, ಆಡು ದನಗಳನ್ನು ಇವತ್ತಿನಿಂದಲೇ ದೂರ ಇಡಲು ಇಷ್ಟು ಸಾಕು.

ಕ್ರೋಮಿಯಂಗೆ ಮುಖ್ಯವಾಗಿ ಎರಡು ರೂಪ. ಮೂರು-ಕ್ರೋಮಿಯಂ ಎನ್ನುವುದು ಮಣ್ಣಿಗೆ ಅಂಟಿಕೊಂಡು ಸುಮ್ನೆ ಬಿದ್ದಿರುತ್ತದೆ, ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ. ಆರು-ಕ್ರೋಮಿಯಂ (ಲ್ಯಾಬಿನವರ ಮಾತಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ) ಹಾಗಲ್ಲ. ನೀರಿನ ಜೊತೆ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಚರ್ಮಕ್ಕೆ ತಗುಲಿದರೆ ಹುಣ್ಣು, ಧೂಳಾಗಿ ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್. ಪ್ಲೇಟಿಂಗ್ ತೊಟ್ಟಿಗಳಲ್ಲಿ, ಅಂದರೆ ಕ್ರೋಮ್ ಪಾಲಿಶ್ ಹಾಕುವ ತೊಟ್ಟಿಗಳಲ್ಲಿ, ಬಳಸುತ್ತಿದ್ದದ್ದು ಈ ಎರಡನೆಯದು. ಆ ಶೆಡ್ಡುಗಳಲ್ಲಿ ದುಡಿದ ಕೆಲವರ ಮೂಗಿನ ನಡುವಿನ ಗೋಡೆಯೇ ತೂತಾಗುತ್ತಿತ್ತು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ಐಎಸ್ 10500 ಮಾನದಂಡ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಆ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ, ನಿಮ್ಮ ಬೋರಿನ ನೀರು ಬಿಳಿಯಾಗಿದೆ ಎಂದು ನೆಮ್ಮದಿಯಿಂದ ಇರುವ ಹಾಗೂ ಇಲ್ಲ.

ಮೂರೂ ಬೋರಿನ ನೀರನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಆರು-ಕ್ರೋಮಿಯಂ, ಒಟ್ಟು ಕ್ರೋಮಿಯಂ, ನಿಕ್ಕಲ್, ಸೀಸ, ಸಯನೈಡ್ ಎಂದು ಹೆಸರು ಬರೆದೇ ಕೊಡಿ. ಬರೀ ‘ನೀರು ಪರೀಕ್ಷೆ’ ಅಂದರೆ ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡಿ ಕಳಿಸುತ್ತಾರೆ. ಫಲಿತಾಂಶ ಬರುವ ತನಕ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕುದಿಸಿದರೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕುದಿಸಿದರೆ ನೀರು ಆವಿಯಾಗಿ ಕ್ರೋಮಿಯಂ ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ.

ಈಗ ಆ ಹಾಳೆ. ನಾಲ್ಕು ಎಕರೆಗೆ ಒಂದೇ ಒಂದು ಫಲಿತಾಂಶ! ಕೆಳಗೆ ಸಣ್ಣ ಅಕ್ಷರದಲ್ಲಿ ನೋಡಿ: ಐದು ಜಾಗದ ಮಣ್ಣು ಸೇರಿಸಿದ ಮಾದರಿ, ಆಳ 15 ಸೆಂಟಿಮೀಟರ್. ಐದು ಕಡೆಯ ಮಣ್ಣನ್ನು ಒಂದೇ ಬುಟ್ಟಿಯಲ್ಲಿ ಕಲಸಿದ್ದಾರೆ. ಲೆಕ್ಕಕ್ಕೆ ಹೇಳುತ್ತೇನೆ. ತೊಟ್ಟಿ ಇದ್ದ ಕಡೆ ಕಿಲೋಗೆ 900 ಮಿಲಿಗ್ರಾಂ ಇದೆ, ಉಳಿದ ನಾಲ್ಕು ಕಡೆ 20 ಇದೆ ಎಂದುಕೊಳ್ಳಿ. ಕಲಸಿದರೆ ಸರಾಸರಿ 196. ಕೊಳೆತ ಒಂದು ಬದನೆಕಾಯಿಯನ್ನು ನಾಲ್ಕು ಒಳ್ಳೆಯದರ ಜೊತೆ ಹೆಚ್ಚಿ ಪಲ್ಯ ಮಾಡಿದ ಹಾಗೆ. ಇನ್ನು, ಪರೀಕ್ಷೆ ಆಗಿರುವುದು ಒಟ್ಟು ಕ್ರೋಮಿಯಂಗೆ. ಆರು-ಕ್ರೋಮಿಯಂ ಎನ್ನುವ ಸಾಲೇ ಇಲ್ಲ. ಕೊನೆಗೆ ‘ಮಿತಿಯೊಳಗಿದೆ’ ಎಂದಿದೆ. ಯಾವ ಮಿತಿ? ಯಾರದು? ಬರೆದಿಲ್ಲ.

ಈ ಕೊನೆಯ ಪ್ರಶ್ನೆಯನ್ನು ಸುಮ್ನೆ ಬಿಡಬೇಡಿ. ಮಣ್ಣು ಸ್ವಚ್ಛ ಇದೆಯಾ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವುದಕ್ಕೆ ಬೇಕಾದಷ್ಟು ಸ್ವಚ್ಛ ಎಂದು ಕೇಳಬೇಕು. ಉದಾಹರಣೆಗೆ ಸೀಸವನ್ನೇ ನೋಡಿ. ಕೆನಡಾದ ಮಾರ್ಗಸೂಚಿಯಲ್ಲಿ ಅದಕ್ಕೆ ನಾಲ್ಕು ಬೇರೆ ಬೇರೆ ಅಂಕಿ ಇವೆ. ಕಿಲೋ ಮಣ್ಣಿಗೆ ಹೊಲಕ್ಕೆ 70 ಮಿಲಿಗ್ರಾಂ, ಮನೆ ಮತ್ತು ಪಾರ್ಕಿಗೆ 140, ಅಂಗಡಿ ಸಾಲಿಗೆ 260, ಕಾರ್ಖಾನೆಗೆ 600. ಅಂದರೆ 500 ಇರುವ ಮಣ್ಣು ಕಾರ್ಖಾನೆಗೆ ಪಾಸ್, ಅಂಗನವಾಡಿಗೆ ಪೂರ್ತಿ ಫೇಲ್. ಅಮೆರಿಕದವರು ಮನೆ ಜಾಗಕ್ಕೆ ಎಷ್ಟೋ ವರ್ಷ ಇಟ್ಟುಕೊಂಡಿದ್ದ 400ನ್ನು 2024ರಲ್ಲಿ 200ಕ್ಕೆ ಇಳಿಸಿದರು. ಕೊಡೈಕೆನಾಲ್‌ನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಜಗಳ ಅಷ್ಟು ವರ್ಷ ಎಳೆದದ್ದೂ ಇದೇ ವಿಷಯಕ್ಕೆ. ಕಿಲೋಗೆ 20 ಮಿಲಿಗ್ರಾಂ ಉಳಿದರೆ ಸಾಕಾ, ಇನ್ನೂ ಕಡಿಮೆ ಆಗಬೇಕಾ ಎಂದು. ಹಾಗಾಗಿ ನಿಮ್ಮ ಲೇಔಟಿನವರಿಗೆ ಕೇಳಬೇಕಾದ್ದು ಇಷ್ಟೇ: ಈ ರಿಪೋರ್ಟ್ ಕಾರ್ಖಾನೆಗೆ ಬರೆಸಿದ್ದಾ, ಮಗು ಕೂತು ಆಡುವ ಮಣ್ಣಿಗೆ ಬರೆಸಿದ್ದಾ?

ಮುರುಮ್ ವಿಷಯಕ್ಕೆ ಬರುತ್ತೇನೆ. ಮುಚ್ಚುವುದು ತಪ್ಪು ವಿಧಾನ ಅಲ್ಲ. ಜಗತ್ತಿನಲ್ಲಿ ಎಷ್ಟೋ ಕಡೆ ಕೊಳೆಯಾದ ಮಣ್ಣನ್ನು ಅಲ್ಲೇ ಬಿಟ್ಟು ಮೇಲೆ ಮುಚ್ಚಿದ್ದಾರೆ. ಆದರೆ ಅದು ನಡೆಯುವುದು ಮೇಲೆ ಯಾರೂ ಅಗೆಯದಿದ್ದರೆ ಮಾತ್ರ. ನಮ್ಮ ಊರಲ್ಲಿ ನಿವೇಶನ ತಗೊಂಡವರು ಮೊದಲು ಮಾಡುವ ಕೆಲಸ ಏನು? ಸಂಪು ತೋಡುವುದು, ಬೋರ್ ಹಾಕಿಸುವುದು. ನಲ್ಲಿ ನೀರು ಯಾವತ್ತು ಬರುತ್ತದೋ ಎನ್ನುವ ಊರಲ್ಲಿ ಸಂಪಿಲ್ಲದ ಮನೆ ಇದೆಯಾ? ಸಂಪು ಏಳೆಂಟು ಅಡಿ, ಮುರುಮ್ ಎರಡು ಅಡಿ. ಮೊದಲನೇ ದಿನವೇ ಜೆಸಿಬಿ ಆ ಮುಚ್ಚಳವನ್ನು ಸೀಳಿ ಕೆಳಗಿನ ಮಣ್ಣನ್ನು ರಸ್ತೆ ಬದಿಗೆ ಹಾಕುತ್ತದೆ. ಆ ಮಣ್ಣನ್ನು ಪಕ್ಕದವರು ‘ಒಳ್ಳೆ ಮಣ್ಣು’ ಎಂದು ತಗ್ಗು ತುಂಬಲು ಒಯ್ಯುತ್ತಾರೆ. ಬೋರ್ ಅಂತೂ ಮೇಲಿನ ಕೊಳೆಗೆ ಕೆಳಗಿನ ನೀರಿನ ತನಕ ನಾವೇ ಹಾಕಿಕೊಟ್ಟ ಪೈಪು.

ಮತ್ತೆ, ಎರೆಮಣ್ಣಿನದೇ ಒಂದು ಸ್ವಭಾವ ಇದೆ. ಮಳೆಗಾಲದಲ್ಲಿ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಕೆಳಗೆ ಇಳಿಯುವುದೇ ಇಲ್ಲವೇನೋ ಅನ್ನಿಸುತ್ತದೆ. ಮೇ ತಿಂಗಳಲ್ಲಿ ಹೋಗಿ ನೋಡಿ. ಕೈ ತೂರುವಷ್ಟು ಬಿರುಕು. ಒಮ್ಮೆ ಅಳತೆ ಟೇಪನ್ನು ಬಿರುಕಿನಲ್ಲಿ ಬಿಟ್ಟಿದ್ದೆ, ನಾಲ್ಕು ಅಡಿ ಸಲೀಸಾಗಿ ಇಳಿಯಿತು. ಬೇಸಿಗೆಯಲ್ಲಿ ಚೆಲ್ಲಿದ್ದೆಲ್ಲ ಆ ದಾರಿಯಲ್ಲಿ ಸೀದಾ ಕೆಳಗಿನ ಗರಸಿಗೆ ಹೋಗುತ್ತದೆ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಕ್ಷಾರ ಗುಣ. ಸೀಸ, ಕ್ಯಾಡ್ಮಿಯಂ ಥರದವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಒಳ್ಳೆಯದೇ. ಆದರೆ ಆರು-ಕ್ರೋಮಿಯಂ ಕ್ಷಾರದಲ್ಲಿ ಇನ್ನೂ ಸಡಿಲ. ಹಿಡಿತಕ್ಕೆ ಸಿಗುವುದಿಲ್ಲ.

ಬೀದರ್ ಕಡೆ ಕಥೆ ಬೇರೆ. ಅಲ್ಲಿ ಜಂಬಿಟ್ಟಿಗೆ ಕಲ್ಲು, ತೂತು ತೂತು. ಮೇಲೆ ಬಿದ್ದ ನೀರು ಬೇಗ ಇಳಿಯುತ್ತದೆ. ಆ ಗುಣ ಗೊತ್ತಿದ್ದೇ ಬಹಮನಿ ಕಾಲದಲ್ಲಿ ನೌಬಾದ್‌ನ ಸುರಂಗ ಬಾವಿ ಕೊರೆದರು. ನೀರು ಇಳಿದ ದಾರಿಯಲ್ಲೇ ಕೊಳೆಯೂ ಇಳಿಯುತ್ತದೆ ಅಲ್ವಾ. ಶಹಾಬಾದ್ ಕಡೆಯ ಫರ್ಸಿ ಕಲ್ಲಿನ ನೆಲದಲ್ಲಿ ಪದರದ ಸಂದಿಯಲ್ಲಿ ಹರಿದು ಎಲ್ಲೋ ದೂರದ ಬಾವಿಯಲ್ಲಿ ಏಳುತ್ತದೆ. ಆದ್ದರಿಂದ ಒಂದೂರಿನ ಪರಿಹಾರವನ್ನು ಇನ್ನೊಂದೂರಿಗೆ ಎತ್ತಿಕೊಂಡು ಹೋಗಲು ಆಗುವುದಿಲ್ಲ.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ವರ್ಷಗಳ ಹಿಂದೆ ನಿಮ್ಮಂಥದ್ದೇ ಒಂದು ಜಾಗ ನೋಡಲು ಕರೆದಿದ್ದರು. ನನ್ನ ಕೈಯಲ್ಲಿ ಹಳೆ ನಕ್ಷೆ ಇತ್ತು. ತೊಟ್ಟಿ ಎಲ್ಲಿತ್ತು ಎಂದು ಅದರಲ್ಲಿ ಗುರುತು ಇತ್ತು. ಅಲ್ಲೇ ಒಂದು ಅಡಿ ಆಳಕ್ಕೆ ಮಣ್ಣು ತೆಗೆದು ಪರೀಕ್ಷೆ ಮಾಡಿಸಿದೆ. ಏನೂ ಸಿಗಲಿಲ್ಲ. ಪರವಾಗಿಲ್ಲ ಎಂದು ಬರೆದುಕೊಟ್ಟೆ. ಎರಡು ತಿಂಗಳಾದ ಮೇಲೆ ಅಲ್ಲಿ ಸಂಪು ತೋಡಿದರು. ಆರು ಅಡಿಯಲ್ಲಿ ಗುಂಡಿಯ ಗೋಡೆಯಿಂದ ಹಳದಿ ನೀರು ಒಸರಲು ಶುರುವಾಯಿತು. ಓಡಿಹೋದೆ. ಅಲ್ಲಿ ನಿಂತಿದ್ದ ಒಬ್ಬ ಮುದುಕರು, ಹಿಂದೆ ಅದೇ ಶೆಡ್ಡಿನಲ್ಲಿ ಕೆಲಸ ಮಾಡಿದವರು, ನಕ್ಕುಬಿಟ್ಟರು. ‘ಟಾಕಿ ಅಲ್ಲಿ ಎಲ್ಲಿತ್ರಿ ಸಾಹೇಬ್ರ, ಇಲ್ಲೇ ಬೇವಿನ ಗಿಡದ ಬಾಜೂಕ ಇತ್ತು. ಸೋರತದಂತ ಆಮ್ಯಾಲ ಅಲ್ಲಿಗಿ ಒಯ್ದಾರ.’ ಹಳೆ ತೊಟ್ಟಿ ಸೋರುತ್ತಿತ್ತು ಎಂದೇ ಜಾಗ ಬದಲಿಸಿದ್ದರು. ನನ್ನ ನಕ್ಷೆಯಲ್ಲಿ ಇದ್ದದ್ದು ಹೊಸ ಜಾಗ. ಆ ಸಂಪನ್ನು ಮತ್ತೆ ಮುಚ್ಚಿಸಿ, ಸುತ್ತ ತಂತಿ ಹಾಕಿಸಿ, ನನ್ನ ಪತ್ರವನ್ನು ವಾಪಸ್ ಪಡೆದೆ. ಅವತ್ತಿನಿಂದ ಆಗರ್ (ಮಣ್ಣು ಕೊರೆದು ತೆಗೆಯುವ ಸಲಕರಣೆ) ಇಳಿಸುವ ಮೊದಲು ಹಳೆ ಕೆಲಸಗಾರರ ಜೊತೆ ಕೂತು ಚಹಾ ಕುಡಿಯುತ್ತೇನೆ.

ನೀವೂ ಅದನ್ನೇ ಮಾಡಿ. ನಿಮ್ಮ ಓಣಿಯಲ್ಲೇ ಇಬ್ಬರು ಮೂವರು ಸಿಗುತ್ತಾರೆ. ಕ್ರೋಮ್ ತೊಟ್ಟಿ ಎಲ್ಲಿತ್ತು, ತೊಳೆದ ನೀರು ಯಾವ ಕಡೆ ಹರಿಯುತ್ತಿತ್ತು, ತೊಟ್ಟಿಯ ತಳದ ಕೆಸರನ್ನು ಎಲ್ಲಿ ಸುರಿಯುತ್ತಿದ್ದರು, ಫರ್ನೆಸ್ ಆಯಿಲ್ (ಕುಲುಮೆಗೆ ಉರಿಸುವ ಎಣ್ಣೆ) ಟ್ಯಾಂಕ್ ಮೇಲಿತ್ತೋ ನೆಲದೊಳಗಿತ್ತೋ, ಟ್ರಾನ್ಸ್‌ಫಾರ್ಮರ್ ಎಲ್ಲಿತ್ತು. ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಆ ಕಾರ್ಖಾನೆಗೆ ಕೊಟ್ಟಿದ್ದ ಸಮ್ಮತಿ ಪತ್ರಗಳನ್ನು ಕೇಳಿ. ಏನು ಬಳಸುತ್ತಿದ್ದರು, ಎಷ್ಟು ತ್ಯಾಜ್ಯ ಬರುತ್ತಿತ್ತು ಎನ್ನುವುದು ಅದರಲ್ಲಿರುತ್ತದೆ. ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯಲ್ಲಿ ಕಟ್ಟಡದ ನಕ್ಷೆ ಇರುವ ಸಾಧ್ಯತೆ ಇದೆ. ಬೋರುಗಳು ಮೂರಿರುವುದು ನಿಮ್ಮ ಅದೃಷ್ಟ. ಒಂದೇ ದಿನ, ಪಂಪು ನಿಲ್ಲಿಸಿ, ಮೂರರಲ್ಲೂ ನೀರಿನ ಮಟ್ಟ ಅಳೆದು ನೆಲದ ಎತ್ತರದ ಜೊತೆ ಹೊಂದಿಸಿದರೆ ಒಳಗಿನ ನೀರು ಯಾವ ಕಡೆ ಇಳಿಜಾರಾಗಿದೆ ಎಂದು ಅಂದಾಜು ಸಿಗುತ್ತದೆ. ಕಲ್ಲಿನ ಬಿರುಕಿನಲ್ಲಿ ಹರಿಯುವ ನೀರಾದ್ದರಿಂದ ಇದು ಅಂದಾಜಷ್ಟೇ, ಆದರೂ ಯಾವ ಮನೆಯ ಬೋರನ್ನು ಮೊದಲು ನಿಲ್ಲಿಸಬೇಕು ಎಂದು ಹೇಳಲು ಉಪಯೋಗಕ್ಕೆ ಬರುತ್ತದೆ.

ಶೆಡ್ ಒಡೆಯುವ ಹಂತದ ಬಗ್ಗೆ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ನನಗೆ ಹೆಚ್ಚು ಭಯ ಅದರದ್ದೇ. ಗುಜರಿಯವರು ಬಂದು ಮೊದಲು ರಾಸಾಯನಿಕದ ಡ್ರಮ್ಮುಗಳನ್ನು ಒಯ್ಯುತ್ತಾರೆ. ಅವು ತೊಳೆದು ನೀರಿನ ಡ್ರಮ್ ಆಗಿ ಮಾರಾಟವಾಗುತ್ತವೆ. ಬೇಸಿಗೆಯಲ್ಲಿ ಇಂಥ ಡ್ರಮ್ ಇಲ್ಲದ ಮನೆಯೇ ನಮ್ಮಲ್ಲಿ ಕಡಿಮೆ. ಆಮೇಲೆ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಎಣ್ಣೆಯನ್ನು ನೆಲಕ್ಕೆ ಬಿಡುತ್ತಾರೆ. ಹಳೆಯದಾದರೆ ಅದರಲ್ಲಿ ಪಿಸಿಬಿ ಎನ್ನುವ, ದಶಕಗಟ್ಟಲೆ ನಾಶವಾಗದ ವಿಷ ಇರಬಹುದು. ಕೊನೆಗೆ ಮೇಲಿನ ಸಿಮೆಂಟ್ ಶೀಟುಗಳನ್ನು ಸುತ್ತಿಗೆಯಿಂದ ಪುಡಿ ಮಾಡುತ್ತಾರೆ, ಕಲ್ನಾರಿನ ಧೂಳು ಇಡೀ ಓಣಿಗೆ. ಡ್ರಮ್ಮುಗಳಿಗೆ ತೂತು ಹೊಡೆಸಿ, ಶೀಟುಗಳನ್ನು ನೀರು ಹಾಕಿ ಇಡಿಯಾಗಿ ಇಳಿಸಲು ಹೇಳಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಇನ್ನು ಸ್ವಚ್ಛ ಮಾಡುವುದು ಹೇಗೆ. ನಾಲ್ಕೂ ಎಕರೆ ಅಗೆಯಬೇಕಾಗಿಲ್ಲ. ಇಂಥ ಕಾರ್ಖಾನೆಗಳಲ್ಲಿ ಕೊಳೆ ಸಾಮಾನ್ಯವಾಗಿ ಒಂದೆರಡು ಮೂಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಲೆಕ್ಕ ಹಾಕಿ ನೋಡಿ. ನಾಲ್ಕು ಎಕರೆಗೆ ಎರಡು ಅಡಿ ಮುರುಮ್ ಅಂದರೆ ಹತ್ತಿರ ಹತ್ತಿರ 10,000 ಘನ ಮೀಟರ್. ಒಂದು ಟಿಪ್ಪರಿಗೆ 10 ಎಂದರೂ ಸಾವಿರ ಟ್ರಿಪ್ಪು. ಅದೇ ತೊಟ್ಟಿಯ ಸುತ್ತ 20 ಮೀಟರ್ ಉದ್ದ, 15 ಮೀಟರ್ ಅಗಲ, 2 ಮೀಟರ್ ಆಳ ಅಗೆದರೆ 600 ಘನ ಮೀಟರ್, ಸುಮಾರು ಸಾವಿರ ಟನ್. ಒಂದು ಟನ್ನಿನ ಖರ್ಚು ಮುರುಮ್‌ಗಿಂತ ಬಹಳ ಜಾಸ್ತಿ, ಒಪ್ಪುತ್ತೇನೆ. ಆದರೆ ಅಗೆಯುವುದು ಅಸಾಧ್ಯ ಎನ್ನುವ ಮಾತು ಮಾತ್ರ ನಿಜವಲ್ಲ.

ಕ್ರೋಮಿಯಂ ಮಣ್ಣಿಗೆ ಹಳೆಯ ಮದ್ದು ಅನ್ನಭೇದಿ. ನಿಂಬೆ, ದಾಳಿಂಬೆ ಎಲೆ ಹಳದಿಯಾದಾಗ ರೈತರು ಹಾಕುತ್ತಾರಲ್ಲ, ಅದೇ ಹಸಿರು ಹರಳು. ಅದರಲ್ಲಿನ ಕಬ್ಬಿಣ ಆರು-ಕ್ರೋಮಿಯಂನ್ನು ಮೂರಕ್ಕೆ ಇಳಿಸುತ್ತದೆ. ಕಾಗದದ ಲೆಕ್ಕದಲ್ಲಿ 1 ಕಿಲೋ ಆರು-ಕ್ರೋಮಿಯಂಗೆ 16 ಕಿಲೋ ಅನ್ನಭೇದಿ. ಮಣ್ಣಿನಲ್ಲಿ ಇನ್ನೂ ಜಾಸ್ತಿ ಬೇಕು, ಸುಣ್ಣದಂಶ ಇರುವ ನಮ್ಮ ಮಣ್ಣು ಒಂದಷ್ಟನ್ನು ತಾನೇ ತಿಂದುಬಿಡುತ್ತದೆ. ಹಾಗಾಗಿ ಮೊದಲು ಹತ್ತು ಬಕೆಟ್ ಮಣ್ಣಿನಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡಬೇಕು. ಬಕೆಟ್ ಪರೀಕ್ಷೆ ಇಲ್ಲದೆ ಸೀದಾ ಜಾಗದಲ್ಲಿ ಸುರಿಯುತ್ತೇವೆ ಎನ್ನುವ ಗುತ್ತಿಗೆದಾರನನ್ನು ಒಳಗೆ ಬಿಡಬೇಡಿ. ಇದನ್ನು ಓದಿ ನೀವೇ ಒಂದು ಚೀಲ ತಂದು ಗೋಡೆ ಬುಡಕ್ಕೆ ಹಾಕಲೂ ಹೋಗಬೇಡಿ.

ಫರ್ನೆಸ್ ಆಯಿಲ್ ಕುಡಿದ ಮಣ್ಣಿಗೆ ಅನ್ನಭೇದಿ ಕೆಲಸ ಮಾಡುವುದಿಲ್ಲ. ಅದಕ್ಕೆ ಸೂಕ್ಷ್ಮಜೀವಿಗಳು ಬೇಕು. ಮಣ್ಣನ್ನು ತಾಡಪಾಲಿನ ಮೇಲೆ ಹರಡಿ, ಸಾರಜನಕ, ತೇವ ಕೊಟ್ಟು, ಮತ್ತೆ ಮತ್ತೆ ಮಗುಚುತ್ತಾ ಹೋದರೆ ಎಣ್ಣೆಯನ್ನು ಅವು ತಿನ್ನುತ್ತವೆ. ದೆಹಲಿಯ ಟೆರಿ ಸಂಶೋಧನಾ ಸಂಸ್ಥೆಯ ‘ಆಯಿಲ್‌ಜ್ಯಾಪರ್’ ಎನ್ನುವ ಸೂಕ್ಷ್ಮಜೀವಿಗಳ ಮಿಶ್ರಣ ನಮ್ಮ ದೇಶದ ಎಣ್ಣೆ ಬಾವಿಗಳ ಸುತ್ತ ಇದೇ ಕೆಲಸ ಮಾಡಿದೆ. ತಿಂಗಳುಗಳು ಹಿಡಿಯುತ್ತದೆ. ನಮ್ಮ ಬಿಸಿಲು ಒಂದು ಮಟ್ಟಿಗೆ ಅನುಕೂಲ, ತೇವ ಆರದಂತೆ ನೋಡಿಕೊಳ್ಳುವುದೇ ಕಷ್ಟ.

ಸಿಮೆಂಟ್ ಕಿಲ್ನ್‌ಗೆ (ಸಿಮೆಂಟ್ ಕಾರ್ಖಾನೆಯ ಸುಡುವ ಗೂಡಿಗೆ) ಕಳಿಸಬಹುದಲ್ಲ ಎಂದು ನಮ್ಮ ಜಿಲ್ಲೆಯವರು ಕೇಳಿಯೇ ಕೇಳುತ್ತಾರೆ. ವಾಡಿ, ಮಳಖೇಡ, ಸೇಡಂ ಎಲ್ಲ ಪಕ್ಕದಲ್ಲೇ ಇವೆ, ಒಳಗೆ 1,450 ಡಿಗ್ರಿ ಶಾಖ. ಎಣ್ಣೆ ಮಣ್ಣಿಗೆ ಇದು ಒಳ್ಳೆ ದಾರಿ, ಮಂಡಳಿಯ ಅನುಮತಿ ಬೇಕು. ಆದರೆ ಕ್ರೋಮಿಯಂ ಮಣ್ಣಿಗೆ ನಾನು ಬೇಡ ಎನ್ನುತ್ತೇನೆ. ಕಿಲ್ನ್ ಒಳಗಿನ ಸುಣ್ಣ ಮತ್ತು ಗಾಳಿ ಸೇರಿ ಮೂರು-ಕ್ರೋಮಿಯಂನ್ನು ಮತ್ತೆ ಆರಕ್ಕೆ ಏರಿಸುತ್ತವೆ. ಅದು ಸಿಮೆಂಟಿನಲ್ಲಿ ಸೇರಿ ಗಾರೆ ಕೆಲಸದವರ ಕೈಗೆ ತುರಿಕೆ ಹುಣ್ಣಾಗಿ ಬರುತ್ತದೆ. ಮದ್ದು ಹಾಕಿದ ಮೇಲೂ ಪರೀಕ್ಷೆಯಲ್ಲಿ ಫೇಲ್ ಆಗುವ ಮಣ್ಣು ಬೆಂಗಳೂರು ಬಳಿಯ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕದಂಥ ಕಡೆಗೆ ಹೋಗಬೇಕು. ಇಲ್ಲಿಂದ ಐನೂರು ಕಿಲೋಮೀಟರ್ ಮೇಲೆ. ಪ್ರತಿ ಲಾರಿಗೂ ಮ್ಯಾನಿಫೆಸ್ಟ್ ಚೀಟಿ, ಅಂದರೆ ಯಾವ ತ್ಯಾಜ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಬರೆದ ಚೀಟಿ, ಇರಬೇಕು. ಅದರ ಪ್ರತಿಯನ್ನು ನೀವು ಕೇಳಿ ಇಟ್ಟುಕೊಳ್ಳಿ. ಚೀಟಿ ಇಲ್ಲದೆ ಹೊರಟ ಲಾರಿ ಊರಾಚೆಯ ಯಾವುದೋ ಹಳ್ಳಕ್ಕೆ ಹೋಯಿತು ಎಂದೇ ತಿಳಿಯಿರಿ.

ಗುಂಡಿ ತುಂಬುವ ಮೊದಲು ಅದರ ತಳದ, ನಾಲ್ಕೂ ಗೋಡೆಯ ಮಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಬೇಕು. ಕಲಸಿ ಅಲ್ಲ! ಆ ದಿನ ನಿಮ್ಮ ಕಾಲೊನಿಯ ಇಬ್ಬರು ಅಲ್ಲಿ ನಿಂತು ಫೋಟೋ ತೆಗೆಯಲಿ.

ಕಾನೂನು ಏನು ಹೇಳುತ್ತದೆ? ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಂಶಯ ಇರುವ ಜಾಗಗಳ ವರದಿ ಕೊಡಬೇಕು. 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ, ಮತ್ತೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ಕೊಳೆ ಮಾಡಿದವರೇ ಖರ್ಚು ಕೊಡಬೇಕು, ಅವರಿಂದ ಆಗದಿದ್ದರೆ ಸರ್ಕಾರಗಳು. ಕೇಳಲು ಚೆನ್ನಾಗಿದೆ. ಆದರೆ ಕೆಲಸ ಮುಗಿಸಲು ಗಡುವು ಇಲ್ಲ ಎನ್ನುವುದು ಅದರ ದೊಡ್ಡ ಕೊರತೆ. ಆ ಹೊತ್ತಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ್ದ 103 ಜಾಗಗಳಲ್ಲಿ ಕೆಲಸ ಶುರುವಾಗಿದ್ದದ್ದು ಏಳರಲ್ಲಿ ಮಾತ್ರ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ 2 ಲಕ್ಷ ಟನ್‌ಗೂ ಮೀರಿದ ತ್ಯಾಜ್ಯ ಎಷ್ಟು ವರ್ಷ ಮಳೆಗೆ ನೆನೆಯುತ್ತಾ ಬಿದ್ದಿತ್ತು ಎಂದು ನೆನೆದರೆ ನಿಯಮವೊಂದನ್ನೇ ನಂಬಿ ಕೂರುವ ಧೈರ್ಯ ನನಗಿಲ್ಲ. ಆದರೂ ಜಿಲ್ಲಾಧಿಕಾರಿಗೆ, ಮಂಡಳಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಲೇಔಟಿಗೆ ಮಂಜೂರಾತಿ ಕೊಡುವ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ. ಲೇಔಟ್ ಮಂಜೂರಾಗುವ ಮೊದಲು ನಿಮ್ಮ ಮಾತಿಗೆ ಇರುವ ತೂಕ ನಿವೇಶನ ಮಾರಾಟವಾದ ಮೇಲೆ ಇರುವುದಿಲ್ಲ. ಆಮೇಲೆ ಮಾಲೀಕರು ನಲವತ್ತು ಜನ, ಯಾರನ್ನು ಹಿಡಿಯುತ್ತೀರಿ?

ಇನ್ನೊಂದು ವಿಷಯ, ಲೇಔಟ್ ನಕ್ಷೆ ಕೈಗೆ ಸಿಕ್ಕಾಗ ಪಾರ್ಕ್ ಮತ್ತು ಸಿ.ಎ. ನಿವೇಶನ (ಅಂಗನವಾಡಿಯಂಥ ನಾಗರಿಕ ಸೌಲಭ್ಯಕ್ಕೆ ಬಿಡುವ ಜಾಗ) ಯಾವ ಮೂಲೆಗೆ ಬಂದಿದೆ ನೋಡಿ. ಮಾರಲಾಗದ ಜಾಗವನ್ನು ಪಾರ್ಕಿಗೆ ಬಿಡುವುದು ಲೇಔಟ್ ಮಾಡುವವರ ಹಳೆಯ ಚಾಳಿ. ಅದು ಹಳದಿ ನೀರಿನ ಮೂಲೆಯೇ ಆಗಿದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಮಣ್ಣು ಬಾಯಿಗೆ ಹಾಕಿಕೊಳ್ಳುವ ಮಕ್ಕಳು ಬರುವುದು ಅಲ್ಲಿಗೇ. ಅಂಗನವಾಡಿಗೆ ಇಡೀ ಜಾಗದಲ್ಲೇ ಅತ್ಯಂತ ಚೊಕ್ಕವಾದ ತುಂಡು ಬೇಕು. ಸ್ವಲ್ಪ ಕೊಳೆ ಉಳಿದೇ ಉಳಿಯುತ್ತದೆ ಎನ್ನುವ ಮೂಲೆಗೆ ಕಾಂಕ್ರೀಟ್ ರಸ್ತೆ, ವಾಹನ ನಿಲ್ಲಿಸುವ ಜಾಗ ಬರಲಿ. ಮುಚ್ಚಳ ಹಾಕುವುದಾದರೆ ಅಲ್ಲಿ ಹಾಕಲಿ, ಕೊಳೆ ಮಣ್ಣಿಗೂ ಮುಚ್ಚಳಕ್ಕೂ ಮಧ್ಯೆ ಒಂದು ಕಿತ್ತಳೆ ಬಣ್ಣದ ಬಲೆ ಹಾಸಲಿ. ಮುಂದೆ ಯಾರಾದರೂ ಪೈಪಿಗೆಂದು ಅಗೆದರೆ ಬಲೆ ಕಂಡ ತಕ್ಷಣ ನಿಲ್ಲಿಸುತ್ತಾರೆ. ಆ ಭಾಗದಲ್ಲಿ ಬೋರ್, ಸಂಪು ತೋಡಬಾರದು ಎಂದು ಕ್ರಯಪತ್ರದಲ್ಲೇ ಬರೆಸಬೇಕು.

ನಕ್ಷೆ ಸಿಕ್ಕ ಮೇಲೆ ಅದರ ಫೋಟೋ ಕಳಿಸಿ. ಹಳೆ ಕೆಲಸಗಾರರು ಹೇಳಿದ ಜಾಗಗಳನ್ನು ಅದರ ಮೇಲೆ ಪೆನ್ಸಿಲ್‌ನಿಂದ ಗುರುತು ಮಾಡಿ, ಮೂರು ಬೋರುಗಳನ್ನೂ ಸೇರಿಸಿ. ಎಲ್ಲೆಲ್ಲಿ, ಎಷ್ಟು ಆಳಕ್ಕೆ ಮಣ್ಣು ತೆಗೆಸಬೇಕು ಎಂದು ನಾನು ಬರೆದುಕೊಡುತ್ತೇನೆ. ಬೇವಿನ ಗಿಡ ಏನಾದರೂ ಇದ್ದರೆ ಅದನ್ನೂ ಹಾಕಿ.